ಪ್ರವಾಸಕ್ಕೆ ಊರು ಆರಿಸುವ ಮುನ್ನ

ದಸರಾ ರಜೆ ಹತ್ತಿರ ಬಂದಂತೆ ಮನೆಗಳಲ್ಲಿ ಪ್ರವಾಸದ ಮಾತು ಏಳುತ್ತದೆ. ಅಪ್ಪ ಹಳೆಯ ಕ್ಯಾಲೆಂಡರಿನ ಬೆನ್ನಿಗೆ ಊರುಗಳ ಪಟ್ಟಿ ಬರೆಯುತ್ತಾರೆ. ಬೆಂಗಳೂರಿನಿಂದ ಹೊರಟು ಹಂಪಿ, ಬಾದಾಮಿ, ಪಟ್ಟದಕಲ್ಲು, ಐಹೊಳೆ, ವಿಜಯಪುರ. ಮೂರೇ ದಿನದಲ್ಲಿ ಎಲ್ಲವನ್ನೂ ಮುಗಿಸಿ ವಾಪಸು. ಪಟ್ಟಿ ಉದ್ದವಾದಷ್ಟೂ ಕೊಟ್ಟ ಹಣಕ್ಕೆ ಲಾಭ ಹೆಚ್ಚು ಎಂಬ ಲೆಕ್ಕಾಚಾರ.

ಈ ಲೆಕ್ಕವನ್ನು ಒಮ್ಮೆ ಗಣಿತದ ನೋಟ್‌ಬುಕ್ಕಿನಲ್ಲಿ ಮಾಡಿ ನೋಡುವುದು ಒಳ್ಳೆಯದು. ಈ ಸುತ್ತು ಸುಮಾರು 1,100 ಕಿಲೋಮೀಟರು. ಗಂಟೆಗೆ ಸರಾಸರಿ 50 ಕಿಲೋಮೀಟರು ಸಾಗಿದರೂ 22 ಗಂಟೆ ವಾಹನದಲ್ಲೇ ಕಳೆಯುತ್ತದೆ. ಮೂರು ದಿನದ ಹಗಲು ಒಟ್ಟು 36 ಗಂಟೆ. ಉಳಿದ 14 ಗಂಟೆಯಲ್ಲಿ ತಿಂಡಿ, ಊಟ, ಟಿಕೆಟ್ಟಿನ ಸಾಲು ಕಳೆದರೆ ಒಂದೊಂದು ಊರಿಗೆ ಎರಡು ಗಂಟೆಯೂ ದಕ್ಕುವುದಿಲ್ಲ. ರಾತ್ರಿಯೇ ಪ್ರಯಾಣ ಮಾಡಿದರಾಯಿತು ಎನ್ನುವವರಿದ್ದಾರೆ. ನಿದ್ದೆಗೆಟ್ಟ ಚಾಲಕನ ಕೈಗೆ ಇಡೀ ಸಂಸಾರವನ್ನು ಒಪ್ಪಿಸುವುದು ಜಾಣತನವಲ್ಲ. ರಾತ್ರಿಯೆಲ್ಲ ಕುಲುಕಾಡಿದ ಮಗು ಬೆಳಿಗ್ಗೆ ಗುಡಿಯ ಮುಂದೆ ನಿಂತು ಆಕಳಿಸುತ್ತದೆ, ಅಷ್ಟೆ.

ಹಾಗಾದರೆ ಆರಿಸುವುದು ಹೇಗೆ? ನಿಸರ್ಗದ ಚೆಲುವು ಬೇರೆ, ಇತಿಹಾಸದ ಹಿರಿಮೆ ಬೇರೆ ಎಂದು ಎರಡು ಪಟ್ಟಿ ಮಾಡುವ ಅಗತ್ಯವಿಲ್ಲ. ಎರಡೂ ಒಂದೇ ಕಡೆ, ಒಂದಕ್ಕೊಂದು ಕಾರಣವಾಗಿ ಇರುವ ಜಾಗಗಳು ನಮ್ಮ ನಾಡಿನಲ್ಲಿ ಬೇಕಾದಷ್ಟಿವೆ. ಅಂಥದೊಂದನ್ನು ಆರಿಸಿಕೊಂಡು ಅಲ್ಲೇ ತಂಗುವುದು ಮೇಲು.

ಬಾದಾಮಿಯನ್ನೇ ತೆಗೆದುಕೊಳ್ಳಿ. ಅಲ್ಲಿನ ಕೆಂಪು ಬಂಡೆ ಮರಳುಗಲ್ಲು. ಕೋಟ್ಯಂತರ ವರ್ಷಗಳ ಹಿಂದೆ ನೀರು ತಂದು ಹಾಸಿದ ಮರಳು ಪದರ ಪದರವಾಗಿ ಕೂತು, ಒತ್ತಡಕ್ಕೆ ಸಿಕ್ಕಿ ಕಲ್ಲಾಯಿತು. ಕೆಂಪು ಬಣ್ಣ ಕಬ್ಬಿಣದ ಆಕ್ಸೈಡಿನದು. ಬೆಟ್ಟದ ಮೈಮೇಲೆ ಆ ಪದರಗಳು ಇಂದಿಗೂ ಬರಿಗಣ್ಣಿಗೆ ಕಾಣುತ್ತವೆ. ಉಳಿ ಇಟ್ಟರೆ ಬಿಡಿಸಿಕೊಳ್ಳುವಷ್ಟು ಮೆತ್ತಗೆ, ಶತಮಾನಗಳ ಕಾಲ ನಿಲ್ಲುವಷ್ಟು ಗಟ್ಟಿ. ಎರಡು ಬೆಟ್ಟಗಳ ನಡುವೆ ಮಳೆನೀರು ಬಂದು ನಿಲ್ಲುವ ತಗ್ಗಿನಲ್ಲಿ ಅಗಸ್ತ್ಯತೀರ್ಥ. ಬೆಟ್ಟವೇ ಗೋಡೆ, ಕೆರೆಯೇ ಕುಡಿಯುವ ನೀರು, ಬಂಡೆಯೇ ಕಟ್ಟಡದ ಸಾಮಗ್ರಿ. ಚಾಲುಕ್ಯರ ಒಂದನೆಯ ಪುಲಕೇಶಿ ಕ್ರಿ.ಶ. 543ರಲ್ಲಿ ಇಲ್ಲಿ ಕೋಟೆ ಕಟ್ಟಿಸಿದ್ದು ಏಕೆಂದು ಮಕ್ಕಳು ಬೆಟ್ಟದ ಮೇಲೆ ನಿಂತು ತಾವೇ ಹೇಳಬಲ್ಲರು. ಅದೇ ಬಂಡೆಯಲ್ಲಿ ಕೊರೆದ ನಾಲ್ಕು ಗುಹಾಲಯಗಳಲ್ಲಿ ದೊಡ್ಡದಾದ ಮೂರನೆಯದರಲ್ಲಿ ಮಂಗಳೇಶ ಬರೆಸಿದ, ಕ್ರಿ.ಶ. 578ರ ಶಾಸನವಿದೆ.

ಅಲ್ಲಿಂದ 22 ಕಿಲೋಮೀಟರಿಗೆ ಮಲಪ್ರಭೆಯ ದಡದ ಪಟ್ಟದಕಲ್ಲು. ಉತ್ತರದ ಶೈಲಿಯ ಬಾಗಿದ ಶಿಖರವೂ ದಕ್ಷಿಣದ ಅಂತಸ್ತು ಅಂತಸ್ತಿನ ಶಿಖರವೂ ಒಂದೇ ಆವರಣದಲ್ಲಿ ಅಕ್ಕಪಕ್ಕ ನಿಂತಿವೆ. ವಿರೂಪಾಕ್ಷ ದೇವಾಲಯವನ್ನು ಕಟ್ಟಿಸಿದವಳು ಎರಡನೆಯ ವಿಕ್ರಮಾದಿತ್ಯನ ರಾಣಿ ಲೋಕಮಹಾದೇವಿ. ಈ ಸಮೂಹವನ್ನು ಯುನೆಸ್ಕೊ 1987ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಇನ್ನೂ ಸ್ವಲ್ಪ ಮುಂದೆ ಹೋದರೆ ಐಹೊಳೆ. ಮೇಗುತಿ ಬೆಟ್ಟದ ಜಿನಾಲಯದ ಗೋಡೆಯ ಮೇಲೆ ಕ್ರಿ.ಶ. 634ರ ರವಿಕೀರ್ತಿಯ ಶಾಸನವಿದೆ. ಇಮ್ಮಡಿ ಪುಲಕೇಶಿ ಹರ್ಷವರ್ಧನನನ್ನು ತಡೆದ ಸಂಗತಿಯನ್ನು ಪಠ್ಯಪುಸ್ತಕದಲ್ಲಿ ಎರಡು ಸಾಲಿನಲ್ಲಿ ಓದಿ ಅಂಕ ಪಡೆದ ಹುಡುಗಿ, ಆ ಮಾತಿಗೆ ಆಧಾರವಾದ ಕಲ್ಲನ್ನೇ ಎದುರಿಗೆ ಕಾಣುತ್ತಾಳೆ. ಈ ಮೂರು ಊರುಗಳಿಗೆ ಮೂರು ದಿನ ಕೊಟ್ಟರೆ ಹೆಚ್ಚೇನಲ್ಲ.

ದಕ್ಷಿಣದ ಕಡೆಯವರಿಗೆ ಬೇಲೂರು, ಹಳೇಬೀಡು, ಶ್ರವಣಬೆಳಗೊಳ ಇಂಥದೇ ಇನ್ನೊಂದು ಗುಂಪು. ಹೊಯ್ಸಳ ಶಿಲ್ಪಿಗಳ ಕೈಗೆ ಸಿಕ್ಕಿದ್ದು ಮೃದುವಾದ ಬಳಪದ ಕಲ್ಲು. ಆದ್ದರಿಂದಲೇ ಮದನಿಕೆಯ ಬಳೆ, ಸರಗಳ ಮಣಿಮಣಿಯೂ ಎಣಿಕೆಗೆ ಸಿಗುತ್ತದೆ. ಗೊಮ್ಮಟನದು ಗಟ್ಟಿಯಾದ ಗ್ರಾನೈಟು. 58 ಅಡಿಯ ಆ ಮೂರ್ತಿಯಲ್ಲಿ ಸೂಕ್ಷ್ಮ ಅಲಂಕಾರದ ಬದಲು ನುಣುಪಾದ ವಿಶಾಲ ಮೈಯಿದೆ. ಕಲ್ಲು ಬದಲಾದರೆ ಉಳಿಯ ಭಾಷೆಯೂ ಬದಲಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಪಾಠ ಬೇಕೆ?

ಋತುವನ್ನೂ ಮರೆಯಬಾರದು. ಜೋಗದ ಎತ್ತರ 253 ಮೀಟರು ನಿಜ. ಆದರೆ 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಆದ ಮೇಲೆ ಶರಾವತಿಯ ನೀರು ಬಹುಪಾಲು ವಿದ್ಯುತ್ತಿಗೆ ಹೋಗುತ್ತದೆ. ಏಪ್ರಿಲ್‌ನಲ್ಲಿ ಹೋದವರಿಗೆ ಬಂಡೆ ಕಾಣುತ್ತದೆ, ಜಲಪಾತ ತೆಳ್ಳಗೆ ಕಾಣುತ್ತದೆ. ಜೋಗಕ್ಕೆ ಮಳೆಗಾಲ ಸರಿ. ಆಗ ಪಾಚಿಗಟ್ಟಿದ ಬಂಡೆಯ ಮೇಲೆ, ಕಟಾಂಜನದ ಆಚೆ ಕಾಲಿಡದಿದ್ದರಾಯಿತು. ಬಾದಾಮಿಗೆ ಬೇಸಿಗೆ ಬೇಡ, ಕೆಂಪು ಬಂಡೆ ಕಾದ ಹೆಂಚಿನಂತಾಗುತ್ತದೆ. ಅಕ್ಟೋಬರಿನಿಂದ ಫೆಬ್ರವರಿವರೆಗೆ ಹಿತ.

ಇನ್ನು ಮನೆಯ ಹಿರಿಯರು. ಶ್ರವಣಬೆಳಗೊಳದಲ್ಲಿ ಬರಿಗಾಲಿನಲ್ಲಿ 600ಕ್ಕೂ ಹೆಚ್ಚು ಮೆಟ್ಟಿಲು ಹತ್ತಬೇಕು. ಮಟಮಟ ಮಧ್ಯಾಹ್ನ ತಲುಪಿದರೆ ಮಂಡಿನೋವಿನ ಅಜ್ಜಿ ಕೆಳಗೆ ವಾಹನದಲ್ಲೇ ಉಳಿಯಬೇಕಾಗುತ್ತದೆ. ಅದೇ ಪಟ್ಟದಕಲ್ಲು ಸಮತಟ್ಟು. ಮೊಮ್ಮಗಳ ಕೈ ಹಿಡಿದು ಅವರೂ ನಿಧಾನವಾಗಿ ಸುತ್ತಬಹುದು. ಅಲ್ಲಿನ ಕಂಬಗಳ ಮೇಲಿನ ರಾಮಾಯಣ, ಮಹಾಭಾರತದ ಕಥೆಗಳನ್ನು ಗುರುತಿಸುವುದರಲ್ಲಿ ಅಜ್ಜಿಯೇ ಎಲ್ಲರಿಗಿಂತ ಮುಂದಿರುತ್ತಾರೆ. ಊರು ಆರಿಸುವಾಗ ಅವರನ್ನೂ ಒಂದು ಮಾತು ಕೇಳಬೇಕು.

ಹೊರಡುವ ಮೊದಲು ವಿದ್ಯಾರ್ಥಿಗಳು ಮಾಡಬೇಕಾದ ಕೆಲಸ ಸಣ್ಣದು. ಆರಿಸಿದ ಊರಿನ ಬಗ್ಗೆ ಮೂರು ಪ್ರಶ್ನೆ ಬರೆದುಕೊಳ್ಳಿ: ಇಲ್ಲಿನ ಕಲ್ಲು ಯಾವುದು? ನೀರು ಎಲ್ಲಿಂದ ಬರುತ್ತಿತ್ತು? ಕಟ್ಟಿದವರು ಇದೇ ಜಾಗವನ್ನು ಏಕೆ ಆರಿಸಿದರು? ಉತ್ತರವನ್ನು ಅಲ್ಲಿಯೇ ಹುಡುಕಿ, ಒಂದು ಚಿತ್ರವನ್ನಾದರೂ ಪೆನ್ಸಿಲಿನಲ್ಲಿ ಬಿಡಿಸಿ. ಮೂರ್ತಿಯನ್ನು ಮುಟ್ಟಬೇಡಿ, ಗೋಡೆಯ ಮೇಲೆ ಹೆಸರು ಕೊರೆಯಬೇಡಿ. ಬಾದಾಮಿಗೆ ಹೋದರೆ ತಿಂಡಿಯ ಪೊಟ್ಟಣ ಕೈಯಲ್ಲಿ ಹಿಡಿಯಬೇಡಿ, ಅಲ್ಲಿನ ಕೋತಿಗಳು ಬಹಳ ಚುರುಕು.

ಪಟ್ಟಿಯಲ್ಲಿ ಉಳಿದ ಊರುಗಳು ಎಲ್ಲಿಗೂ ಓಡಿಹೋಗುವುದಿಲ್ಲ. ಬರುವ ವರ್ಷವೂ ದಸರಾ ರಜೆ ಬಂದೇ ಬರುತ್ತದೆ.