ತೀರಿದ ಸಾಲಕ್ಕೆ ಸಾಕ್ಷಿ ಕೊಡಬೇಕಾದವರು ಯಾರು?

ಕ್ರೆಡಿಟ್ ಕಾರ್ಡ್ ಸಾಲದ ರಗಳೆ ಬೆಂಗಳೂರಿನ ಸಂಬಳದವರದ್ದು ಅಂತ ನಮ್ಮಲ್ಲಿ ಬಹಳ ಜನ ತಿಳಿದಿದ್ದಾರೆ. ನಮ್ಮ ಪೆಟ್ಟಿಗೆಯಲ್ಲೂ ಒಂದು ಕ್ರೆಡಿಟ್ ಕಾರ್ಡ್ ಇದೆಯಲ್ಲ, 1998ರಲ್ಲಿ ಶುರುವಾದ ಕಿಸಾನ್ ಕ್ರೆಡಿಟ್ ಕಾರ್ಡ್, ಅದು ಮರೆತೇ ಹೋಗಿದೆ. ಆ ಕಾರ್ಡಿನ ಹಳೇ ಸಾಲ ಕಟ್ಟಿಯೋ ಮನ್ನಾ ಆಗಿಯೋ ತೀರಿರುತ್ತದೆ. ಮುಂಬೈಯ ಕಂಪ್ಯೂಟರಿನಲ್ಲಿ ಮಾತ್ರ ಅದು ಇನ್ನೂ ಬದುಕಿರುತ್ತದೆ. ಅದನ್ನು ಅಲ್ಲಿಂದ ತೆಗೆಸುವ ಓಡಾಟವೆಲ್ಲ ರೈತನ ತಲೆಗೆ ಬಿದ್ದಿದೆ. ಲೆಕ್ಕ ಬರೆಯುವವರು ಬ್ಯಾಂಕಿನವರು, ತಪ್ಪು ಬರೆದವರೂ ಅವರೇ, ಸಾಕ್ಷಿ ತರಬೇಕಾದವರು ಮಾತ್ರ ನಾವು. ಇದು ಯಾವ ಊರ ನ್ಯಾಯ?

'ಸಿಬಿಲ್' ಎಂದರೆ ಸರ್ಕಾರಿ ಇಲಾಖೆ ಎಂದು ತಿಳಿದವರಿದ್ದಾರೆ. ಅಲ್ಲ, ಅದೊಂದು ಕಂಪನಿ. 2000ದಲ್ಲಿ ಹುಟ್ಟಿದ್ದು. ಇಂಥವು ದೇಶದಲ್ಲಿ ನಾಲ್ಕಿವೆ: ಟ್ರಾನ್ಸ್‌ಯೂನಿಯನ್ ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಸಿಆರ್‌ಐಎಫ್ ಹೈಮಾರ್ಕ್. ಬ್ಯಾಂಕುಗಳು ಕಳಿಸಿದ್ದನ್ನು ಇವು ಜೋಡಿಸಿ ಇಡುತ್ತವೆ, 300ರಿಂದ 900ರವರೆಗೆ ಅಂಕ ಕೊಡುತ್ತವೆ. ಬ್ಯಾಂಕು ತಪ್ಪು ಕಳಿಸಿದರೆ ತಪ್ಪೇ ಅಚ್ಚಾಗುತ್ತದೆ. ಕಂಪನಿಯವರನ್ನು ಕೇಳಿದರೆ 'ಬ್ಯಾಂಕ್ ಕೊಟ್ಟಿದ್ದನ್ನು ಹಾಕಿದ್ದೇವೆ' ಅಂತಾರೆ. ಬ್ಯಾಂಕಿನವರು 'ಅದೆಲ್ಲ ಹೆಡ್ಡಾಫೀಸಿಂದ ಹೋಗ್ತದೆ' ಅಂತಾರೆ.

ಪಾವಗಡದಂಥ ಸೀಮೆಯಲ್ಲಿ ಈ ತಪ್ಪು ಹೆಚ್ಚಲು ಕಾರಣವಿದೆ. ಕಡ್ಲೆಕಾಯಿ ಬಿತ್ತಿ ಮಳೆ ನಂಬಿ ಕೂರುವವರು ನಾವು. ಎರಡು ವರ್ಷ ಬೆಳೆ ಹೋದರೆ ಸಾಲ ಸುಸ್ತಿಯಾಗುತ್ತದೆ, ಆಮೇಲೆ ಯಾವುದೋ ಸರ್ಕಾರ ಮನ್ನಾ ಮಾಡುತ್ತದೆ. 2008ರಲ್ಲಿ ಕೇಂದ್ರದ ಮನ್ನಾ ಬಂತು. 2017ರಲ್ಲಿ ಸಹಕಾರ ಸಂಘಗಳ ಸಾಲದಲ್ಲಿ 50,000 ರೂಪಾಯಿವರೆಗೆ ಸಿದ್ದರಾಮಯ್ಯನವರ ಸರ್ಕಾರ ಬಿಟ್ಟಿತು. 2018ರಲ್ಲಿ ಕುಮಾರಸ್ವಾಮಿಯವರ ಸರ್ಕಾರ ಸಹಕಾರಿ ಬೆಳೆಸಾಲದಲ್ಲಿ 1 ಲಕ್ಷ, ಬೇರೆ ಬ್ಯಾಂಕುಗಳದ್ದರಲ್ಲಿ 2 ಲಕ್ಷದವರೆಗೆ ಮನ್ನಾ ಘೋಷಿಸಿ ಋಣಮುಕ್ತ ಪತ್ರ ಹಂಚಿತು. ಪತ್ರ ಕೈಗೆ ಬಂದರೆ ಮುಗಿಯಿತು ಅಂದುಕೊಂಡೆವು. ಪತ್ರವೇ ಸಿಗದವರ ಪಾಡು ಇನ್ನೂ ಕಷ್ಟ. 2008ರ ಮನ್ನಾವನ್ನು ಸಿಎಜಿ ಪರಿಶೀಲಿಸಿ 2013ರಲ್ಲಿ ವರದಿ ಕೊಟ್ಟಿತು. ದೇಶದಾದ್ಯಂತ ಆರಿಸಿ ನೋಡಿದ 61,793 ಮನ್ನಾ ಖಾತೆಗಳಲ್ಲಿ 21,182ರಲ್ಲಿ ರೈತನಿಗೆ ಮನ್ನಾ ಪತ್ರ ಕೊಟ್ಟದ್ದಕ್ಕೆ ಸಹಿಯೂ ಇಲ್ಲ, ಬೇರೆ ಪುರಾವೆಯೂ ಇಲ್ಲ. ಮೂರರಲ್ಲಿ ಒಂದು! ಪತ್ರ ಕೊಟ್ಟದ್ದಕ್ಕೆ ಗುರುತಿಲ್ಲದವರು ಇಂದು ನಮ್ಮನ್ನು ಪತ್ರ ತೋರಿಸು ಅಂತಾರೆ.

ನನ್ನ ದೊಡ್ಡಪ್ಪನ ಮಗನ ಕತೆ ಹೇಳುತ್ತೇನೆ. ಬ್ಯಾಂಕಿನ ಹೆಸರು ಬೇಡ, ಎಲ್ಲ ಬ್ಯಾಂಕಿಗೂ ಹೊಂದುವ ಕತೆಯೇ. ಅವನ ಬೆಳೆಸಾಲ 2018ರ ಮನ್ನಾದಲ್ಲಿ ಪೂರ್ತಿ ಹೋಯಿತು. ಪತ್ರವೂ ಇದೆ. 2024ರ ಮುಂಗಾರಿಗೆ ಹೊಸ ಸಾಲ ಕೇಳಲು ಹೋದ. "ನಿಮ್ಮ ಸಿಬಿಲ್ ಸರಿ ಇಲ್ಲ ಯಜಮಾನ್ರೆ, ನಾವೇನ್ ಮಾಡೋಕಾಗಲ್ಲ" ಅಂದರು. "ಏನ್ ಸರಿ ಇಲ್ಲ ಸಾರ್, ಅದರಾಗೆ ಏನೈತೆ?" ಅಂದರೆ, ಅದನ್ನು ತೋರಿಸುವ ಹಾಗಿಲ್ಲವಂತೆ. ಮಗಳು ಮೊಬೈಲಿನಲ್ಲಿ ವರದಿ ತೆಗೆದಳು. ಒಂದೇ ಸಾಲ ಎರಡು ನಂಬರಿನಲ್ಲಿ ಕೂತಿತ್ತು. ಒಂದು ಮುಚ್ಚಿದೆ, ಇನ್ನೊಂದು 'ರೈಟ್ ಆಫ್' ಎಂದು, ಬಾಕಿಯ ಸಮೇತ.

ತಕರಾರು ಹಾಕಿದ. ಮೊದಲ ಸಲ 'ಮಾಹಿತಿ ಸರಿಯಿದೆ ಎಂದು ಬ್ಯಾಂಕ್ ತಿಳಿಸಿದೆ' ಎಂಬ ಒಂದು ಸಾಲಿನ ಉತ್ತರ ಬಂತು. ಎರಡನೇ ಸಲ ಋಣಮುಕ್ತ ಪತ್ರ, ಪಾಸ್‌ಬುಕ್ಕಿನ ಪುಟ ಎರಡನ್ನೂ ಲಗತ್ತಿಸಿ ಶಾಖೆಗೆ ಲಿಖಿತವಾಗಿ ಕೊಟ್ಟು, ನಕಲಿನ ಮೇಲೆ ಮೊಹರು ಹಾಕಿಸಿಕೊಂಡ. ಆಗ ಸರಿಹೋಯಿತು. ಅಷ್ಟರಲ್ಲಿ ಬಿತ್ತನೆ ಮುಗಿದಿತ್ತು. ಬೀಜಕ್ಕೂ ಗೊಬ್ಬರಕ್ಕೂ ನೂರಕ್ಕೆ ಮೂರರ ಬಡ್ಡಿಗೆ ಕೈಸಾಲ ತಂದಿದ್ದ. ತಿಂಗಳಿಗೆ ಮೂರು ಅಂದರೆ ವರ್ಷಕ್ಕೆ 36. ಕಾರ್ಡಿನ ಸಾಲ ಹೊತ್ತಿಗೆ ಸರಿಯಾಗಿ ಕಟ್ಟಿದರೆ ವರ್ಷಕ್ಕೆ 4.

ಹೀಗೆ ಎರಡು ನಂಬರು ಯಾಕೆ ಬರುತ್ತವೆ? ಬ್ಯಾಂಕುಗಳು ಒಂದರೊಳಗೊಂದು ಸೇರಿಕೊಂಡದ್ದು ಒಂದು ಕಾರಣವಿರಬೇಕು ಅಂತ ನನ್ನ ಎಣಿಕೆ. ಸ್ಟೇಟ್ ಬ್ಯಾಂಕ್ ಆಫ್ ಮೈಸೂರು 2017ರಲ್ಲಿ ಎಸ್‌ಬಿಐಗೆ ಹೋಯಿತು, ವಿಜಯಾ ಬ್ಯಾಂಕ್ 2019ರಲ್ಲಿ ಬರೋಡಕ್ಕೆ, ಸಿಂಡಿಕೇಟ್ 2020ರಲ್ಲಿ ಕೆನರಾಕ್ಕೆ. ಗ್ರಾಮೀಣ ಬ್ಯಾಂಕುಗಳು 2019ರಲ್ಲಿ ಒಮ್ಮೆ, 2025ರಲ್ಲಿ ಇನ್ನೊಮ್ಮೆ ಸೇರಿಕೊಂಡವು. ಬೋರ್ಡು ಬದಲಾದಷ್ಟು ಸುಲಭವಾಗಿ ಹಳೇ ಲೆಕ್ಕ ಹೊಸ ಪುಸ್ತಕಕ್ಕೆ ಇಳಿಯುವುದಿಲ್ಲ. ಇನ್ನೊಂದು, ನಮ್ಮ ಹೆಸರುಗಳು. ಒಂದೊಂದು ಊರಲ್ಲಿ ನಾಲ್ಕು ಹನುಮಂತರಾಯಪ್ಪ, ಐದು ಅಂಜಿನಪ್ಪ. ತಂದೆಯ ಹೆಸರೂ ಕೆಲವರದ್ದು ಒಂದೇ. ಆಧಾರ್, ಪ್ಯಾನ್ ಇಲ್ಲದ ಕಾಲದ ಸಾಲ ಯಾರ ತಲೆಗೆ ಅಂಟಿತೋ ನೋಡಿದವರಾರು? ಜಾಮೀನು ಹಾಕಿದ್ದರೆ ಅದೂ ನಿಮ್ಮ ವರದಿಯಲ್ಲಿ ಬರುತ್ತದೆ. ತಿರುಮಣಿ ಕಡೆ ಎಕರೆಗೆ ವರ್ಷಕ್ಕೆ 21,000ದಿಂದ ಶುರುವಾದ ಗುತ್ತಿಗೆಗೆ ಸೋಲಾರ್‌ಗೆ ಭೂಮಿ ಕೊಟ್ಟವರು 'ನಮಗಿನ್ನು ಬೆಳೆಸಾಲದ ಗೊಡವೆಯಿಲ್ಲ' ಅನ್ನಬಹುದು. ಮಗನ ಓದಿಗೆ ಸಾಲ ಕೇಳಿದ ದಿನ ಹಳೇ ಕಾರ್ಡು ಎದ್ದು ಬರುತ್ತದೆ.

ಬ್ಯಾಂಕಿನವರದ್ದೂ ಒಂದು ಮಾತಿದೆ, ಅದನ್ನು ಒಪ್ಪಬೇಕು. ಒಂದೇ ಕಂತಿನ ತೀರುವಳಿಯಲ್ಲಿ ಬಡ್ಡಿಯನ್ನೋ ಅಸಲಿನ ಒಂದು ಪಾಲನ್ನೋ ಬಿಡಿಸಿಕೊಂಡು ಮುಗಿಸಿದವರ ವರದಿಯಲ್ಲಿ 'ಸೆಟಲ್ಡ್' ಎಂದಿದ್ದರೆ ಅದು ಸುಳ್ಳಲ್ಲ. ಅದಕ್ಕೆ ತಕರಾರು ಹಾಕಿ ಪ್ರಯೋಜನವಿಲ್ಲ. ನಿಜವಾದ ನಮೂದನ್ನು ಯಾರೂ ಅಳಿಸಲಾರರು. 'ಸಿಬಿಲ್ ಕ್ಲಿಯರ್ ಮಾಡಿಸ್ಕೊಡ್ತೀವಿ' ಅಂತ ದುಡ್ಡು ಕೇಳುವವರನ್ನು ಅಂಗಳದಿಂದಲೇ ಕಳಿಸಿ. ತಪ್ಪು ನಮೂದಿಗೆ ತಕರಾರು ಹಾಕಲು ಒಂದು ಪೈಸೆ ಖರ್ಚಿಲ್ಲ.

ನಾಲ್ಕು ಕಂಪನಿಗಳೂ ವರ್ಷಕ್ಕೊಂದು ಪೂರ್ತಿ ವರದಿಯನ್ನು ಬಿಟ್ಟಿಯಾಗಿ ಕೊಡಲೇಬೇಕು. 2017ರಿಂದ ಹೀಗಿದೆ. ಸಾಲ ಬೇಕಾದಾಗ ಅಲ್ಲ, ಯುಗಾದಿ ಹೊತ್ತಿಗೇ ತೆಗೆದು ನೋಡಿ. ತಪ್ಪಿದ್ದರೆ ಕಂಪನಿಗೂ ಬ್ಯಾಂಕಿಗೂ ಎರಡು ಕಡೆಯೂ ಬರೆಯಿರಿ. 30 ದಿನದಲ್ಲಿ ತೀರ್ಮಾನವಾಗಬೇಕು, ಅದರಲ್ಲಿ 21 ದಿನ ಬ್ಯಾಂಕಿನ ಪಾಲು. ತಿದ್ದಲಾಗದು ಎಂದಾದರೆ ಯಾಕೆ ಎಂದು ಹೇಳಬೇಕು. 2023ರ ಅಕ್ಟೋಬರಿನಲ್ಲಿ ರಿಸರ್ವ್ ಬ್ಯಾಂಕ್ ಮಾಡಿದ ನಿಯಮದಂತೆ 30 ದಿನ ಮೀರಿದರೆ ದಿನಕ್ಕೆ 100 ರೂಪಾಯಿ ಪರಿಹಾರವೂ ಉಂಟು. 2024ರ ಏಪ್ರಿಲ್‌ನಿಂದ ಅದು ಜಾರಿಯಲ್ಲಿದೆ. ಆಗಲೂ ಆಗದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್ ಇದ್ದಾರೆ. ಫೀಸಿಲ್ಲ, ವಕೀಲರು ಬೇಡ, ಮಾಹಿತಿಗೆ 14448ಕ್ಕೆ ಫೋನ್ ಮಾಡಬಹುದು.

ಒಂದು ಎಚ್ಚರ. ಹಳೇ ಸಾಲದ ಬಗ್ಗೆ ಬ್ಯಾಂಕಿನವರು 'ಸುಮ್ನೆ ಒಂದು ಸೈನ್ ಹಾಕಿ' ಎಂದು ಒಪ್ಪಿಗೆ ಪತ್ರ ಚಾಚಿದರೆ ಓದದೆ ಹಾಕಬೇಡಿ. ವಸೂಲಿಗೆ ಕೋರ್ಟಿಗೆ ಹೋಗಲು ಮಾಮೂಲಿ ಸಾಲಕ್ಕೆ ಮೂರು ವರ್ಷ, ಜಮೀನು ಅಡವಿಟ್ಟದ್ದಕ್ಕೆ 12 ವರ್ಷ ಗಡುವು. ಗಡುವಿನೊಳಗೆ ನೀವು ಹಾಕುವ ಸಹಿ, ಬರೆದು ಕಟ್ಟುವ ಐನೂರು ರೂಪಾಯಿ ಕೂಡ ಆ ಲೆಕ್ಕವನ್ನು ಮತ್ತೆ ಮೊದಲಿನಿಂದ ಶುರು ಮಾಡಬಹುದು. ತೀರಿದ ಸಾಲವೆಂದು ಒಂದು ಕಡೆ ವಾದಿಸುತ್ತಾ ಇನ್ನೊಂದು ಕಡೆ ಬಾಕಿಗೆ ಸಹಿ ಹಾಕಿದರೆ ನಿಮ್ಮ ತಕರಾರು ಅಲ್ಲಿಗೇ ಬಿತ್ತು. ಹಾಗೇ ಪಹಣಿಯ 11ನೇ ಕಲಮು ನೋಡಿ. ಬೇಬಾಕಿ ಪತ್ರ ಸಿಕ್ಕಿದ ಮೇಲೂ ಬ್ಯಾಂಕಿನ ಭೋಜಾ ಅಲ್ಲಿ ಉಳಿದಿದ್ದರೆ ಅದನ್ನೂ ತೆಗೆಸಿ.

ಮಹಾರಾಷ್ಟ್ರದ ಮುಖ್ಯಮಂತ್ರಿ ಫಡ್ನವೀಸ್ 2025ರಲ್ಲಿ ಬೆಳೆಸಾಲಕ್ಕೆ ಸಿಬಿಲ್ ಕೇಳಲೇಬೇಡಿ ಎಂದು ಬ್ಯಾಂಕುಗಳಿಗೆ ತಾಕೀತು ಮಾಡಿದರು. ನಾನು ಅಷ್ಟು ದೂರ ಹೋಗುವುದಿಲ್ಲ. ಸಾಲ ಕೊಡುವವನು ಸಾಲಗಾರನ ಲೆಕ್ಕ ನೋಡುವುದು ತಪ್ಪಲ್ಲ. ಲೆಕ್ಕ ಸರಿಯಿರಬೇಕು ಅಷ್ಟೇ. ದಿನಕ್ಕೆ ನೂರು ರೂಪಾಯಿ ಪೇಟೆಯವನಿಗೆ ಪರಿಹಾರವಾದೀತು. ಹದ ಬಿದ್ದ ಭೂಮಿಗೆ 30 ದಿನ ಎಂದರೆ ಒಂದು ವರ್ಷ. ಆದ್ದರಿಂದ ನಾವು ಕೇಳಬೇಕಾದ್ದು ಇದು: ರೈತ ದಾಖಲೆ ಸಮೇತ ತಕರಾರು ಹಾಕಿದ್ದರೆ, ಅದು ತೀರ್ಮಾನವಾಗುವವರೆಗೆ ಆ ನಮೂದನ್ನು ಬೆಳೆಸಾಲಕ್ಕೆ ಲೆಕ್ಕ ಹಿಡಿಯಬಾರದು. ಸರ್ಕಾರ ಮನ್ನಾ ಮಾಡಿದ ಖಾತೆಗಳ ಪಟ್ಟಿ ಸರ್ಕಾರದ ಬಳಿಯೂ ಬ್ಯಾಂಕಿನ ಬಳಿಯೂ ಇದೆ. ರೈತ ಕೇಳುವ ಮೊದಲೇ ಬ್ಯಾಂಕೇ ಅದನ್ನು ತಾಳೆ ಹಾಕಿ ಸರಿಪಡಿಸಬೇಕು.

ಇದನ್ನು ಹೇಳುವ ಜಾಗ ತಾಲ್ಲೂಕು ಮಟ್ಟದ ಬ್ಯಾಂಕರುಗಳ ಸಭೆ, ತುಮಕೂರಿನ ಲೀಡ್ ಬ್ಯಾಂಕ್ ಕಚೇರಿ. ಪಾವಗಡ, ಮಧುಗಿರಿ, ಶಿರಾ, ಕೊರಟಗೆರೆಯವರು ತಮ್ಮ ತಮ್ಮ ವರದಿಯ ತಪ್ಪುಗಳನ್ನು ಊರುವಾರು ಬರೆದು ಒಟ್ಟಿಗೆ ಕೊಟ್ಟರೆ ಒಬ್ಬೊಬ್ಬನ ಗೋಳು ಎಂದು ತಳ್ಳಿಹಾಕಲಾಗದು. ನಮ್ಮ ಊರಿನದ್ದು ಈವರೆಗೆ ಹನ್ನೊಂದು ಸಿಕ್ಕಿದೆ.