ಗೆಳತಿ ಬಂದ್ರ ಬರ್ತೀನ್ರಿ

ಕಿನ್ನಾಳ ಬಣ್ಣದ ಬೊಂಬೆಗೂ ನೇಕಾರಿಕೆಗೂ ಹೆಸರಾದ ಊರು. ಇಲ್ಲಿಯ ಹುಡುಗಿಯರ ಕೈ ಸಣ್ಣಂದಿನಿಂದಲೇ ಕೆಲಸಕ್ಕೆ ಪಳಗುತ್ತದೆ; ಎಂಟನೇ ತರಗತಿಯ ಹೊತ್ತಿಗೆ ಕಾಲಿಗೆ ಮಾತ್ರ ಕಡಿವಾಣ ಬೀಳುತ್ತದೆ. ‘ದೊಡ್ಡಾಕಿ ಆಗೀದಿ, ಇನ್ನ ಎಂಥಾ ಆಟ?’ ಅಂದರೆ ಮುಗಿಯಿತು, ಕುಂಟಬಿಲ್ಲೆ, ಖೊ ಖೊ ಎಲ್ಲ ತಂಗಿಯ ಪಾಲು. ಕುಷ್ಟಗಿ, ಯಲಬುರ್ಗಾ ಕಡೆಯ ಹಳ್ಳಿಗಳಲ್ಲೂ ಇದೇ ಮಾತು. ಹೊರಗಿನ ಲೋಕವೂ ಇದಕ್ಕಿಂತ ಬಹಳ ಮುಂದಿಲ್ಲ. 11ರಿಂದ 17 ವರ್ಷದೊಳಗಿನ ನೂರು ಹುಡುಗಿಯರಲ್ಲಿ 85 ಮಂದಿಯ ಮೈಗೆ ದಿನಕ್ಕೊಂದು ತಾಸಿನ ಚಟುವಟಿಕೆ ಸಿಗುತ್ತಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿತು.

‘ನೀರು ತರ್ತಾಳ, ಅರಿಬಿ ಒಗಿತಾಳ, ಅದ ವ್ಯಾಯಾಮ ಅಲ್ಲೇನ್ರಿ?’ ಎಂದು ತಾಯಂದಿರು ಕೇಳುತ್ತಾರೆ. ಆ ದುಡಿತ ಮೈಗೆ ದಣಿವು ತರುವುದು ನಿಜ. ಆದರೆ ಓಡುವಾಗ, ಜಿಗಿಯುವಾಗ ಗಟ್ಟಿಯಾಗುವ ಎಲುಬು ಈ ವಯಸ್ಸಿನಲ್ಲೇ ಗಟ್ಟಿಯಾಗಬೇಕು. ಅದಕ್ಕಿಂತ ಮುಖ್ಯವಾಗಿ, ತನ್ನ ಖುಷಿಗೆಂದು ಒಂದು ತಾಸು ಆಡುವ ಹಕ್ಕು ಅವಳಿಗಿದೆ. ಅಣ್ಣ ಕ್ರಿಕೆಟ್ಟಿಗೆ ಹೊರಟಾಗ ಕೊಡ ತುಂಬಿದೆಯೇ ಎಂದು ಯಾರೂ ಕೇಳುವುದಿಲ್ಲ.

ಮೈದಾನಕ್ಕೆ ಬಾ ಎಂದರೆ ಹುಡುಗಿಯರು ಹೇಳುವುದು ಒಂದೇ: ‘ನನ್ನ ಗೆಳತಿ ಬಂದ್ರ ಬರ್ತೀನ್ರಿ’. ನಾವು ಇದನ್ನು ನೆಪವೆಂದು ತಳ್ಳಿಹಾಕುತ್ತೇವೆ. ಆದರೆ ಒಬ್ಬಳೇ ಹೋದರೆ ಓಣಿಯ ಕಣ್ಣೆಲ್ಲ ಅವಳ ಮೇಲೆ. ಐದು ಮಂದಿ ಕೂಡಿ ಹೋದರೆ ಮನೆಯವರಿಗೂ ಧೈರ್ಯ. ಸರ್ಕಾರ 2006-07ರಲ್ಲಿ ಎಂಟನೇ ತರಗತಿಗೆ ಸೈಕಲ್ ಕೊಡಲು ಶುರು ಮಾಡಿದ ಮೇಲೆ ಹಳ್ಳಿಯ ಹುಡುಗಿಯರು ಸಾಲುಗಟ್ಟಿ ಶಾಲೆಗೆ ಹೊರಟದ್ದನ್ನು ನಾಡೇ ಕಂಡಿದೆ. ಪಂಚಮಿಯ ಜೋಕಾಲಿಯನ್ನೇ ನೋಡಿ, ಅಲ್ಲಿ ಹಗ್ಗ ಹಿಡಿದು ನಿಂತು ಜೀಕುವವಳನ್ನು ಯಾರೂ ತಡೆಯುವುದಿಲ್ಲ, ಸುತ್ತ ಗೆಳತಿಯರ ಗುಂಪಿರುತ್ತದೆ.

ನಮ್ಮ ಕೊಪ್ಪಳ ಜಿಲ್ಲೆಗೆ ಗೆಳತಿಯರ ಬಳಗ ಕಟ್ಟುವ ಈ ದಾರಿ ಹೊಸದೂ ಅಲ್ಲ. ಕೆಎಚ್‌ಪಿಟಿ ಸಂಸ್ಥೆಯ ‘ಸ್ಫೂರ್ತಿ’ ಕಾರ್ಯಕ್ರಮ ಹಳ್ಳಿಯ ಹುಡುಗಿಯರಲ್ಲೇ ಕೆಲವರನ್ನು ಸಜ್ಜುಗೊಳಿಸಿ, ಓದು, ಪೌಷ್ಟಿಕತೆ, ಬಾಲ್ಯವಿವಾಹದ ಬಗ್ಗೆ ಅವರು ತಮ್ಮ ಗೆಳತಿಯರೊಡನೆ ಮಾತಾಡುವಂತೆ ಮಾಡಿತು. ಅದೇ ಬಳಗಗಳು ಆಟಕ್ಕೂ ಏಕೆ ಇಳಿಯಬಾರದು?

ನನ್ನ ತಕರಾರು ಇರುವುದು ಶಾಲೆಗಳ ರೂಢಿಯ ಮೇಲೆ. ಕ್ರೀಡಾಕೂಟ ಬಂತೆಂದರೆ ಚುರುಕಾದ ಹತ್ತು ಹನ್ನೆರಡು ಮಂದಿಯನ್ನು ಆರಿಸುತ್ತಾರೆ, ಉಳಿದವರು ಚಪ್ಪಾಳೆಗೆ. ತಿ. ನರಸೀಪುರ ತಾಲ್ಲೂಕಿನ ಕುರುಬೂರಿನ ಬಿ. ಚೈತ್ರಾ 2025ರ ಜನವರಿಯಲ್ಲಿ ಖೊ ಖೊ ವಿಶ್ವಕಪ್ ಗೆದ್ದ ಭಾರತ ತಂಡದಲ್ಲಿದ್ದರು. ಹೆಮ್ಮೆಯ ಮಾತೇ. ಆದರೆ ನನಗೆ ಚಿಂತೆ ಗೆಲ್ಲದ ಹುಡುಗಿಯದು: ದುಪಟ್ಟಾವನ್ನು ಹೆಗಲಿಂದ ಓರೆಯಾಗಿ ತಂದು ಸೊಂಟಕ್ಕೆ ಬಿಗಿಯಾಗಿ ಗಂಟು ಹಾಕಿ, ಚಪ್ಪಲಿ ಬದಿಗಿಟ್ಟು, ‘ನಾನೂ ಆಡ್ಲೇನ್ರಿ?’ ಎಂದು ಕೇಳಿ, ‘ನಿನಗ ಓಡಾಕ ಬರಂಗಿಲ್ಲ’ ಎಂಬ ಉತ್ತರ ಪಡೆದು ಹಿಂದೆ ಸರಿದವಳು.

ಹೈಸ್ಕೂಲಿನ ಎಸ್‌ಡಿಎಂಸಿಯವರು, ಪಂಚಾಯಿತಿಯವರು ಇಷ್ಟು ಮಾಡಲಿ: ವಾರಕ್ಕೆ ಮೂರು ಸಂಜೆ ಮೈದಾನವನ್ನು ಹುಡುಗಿಯರಿಗೇ ಬಿಡಲಿ, ಶೌಚಾಲಯದ ಬೀಗ ತೆಗೆದಿಡಲಿ, ಪ್ರತಿ ಓಣಿಗೂ ಹತ್ತನೇ ತರಗತಿಯ ಒಬ್ಬಳನ್ನು ಗೊತ್ತು ಮಾಡಲಿ. ಅವಳು ಮನೆಮನೆಗೆ ಹೋಗಿ ಗೆಳತಿಯರನ್ನು ಕರೆದೊಯ್ಯಲಿ, ಆಟ ಮುಗಿದ ಮೇಲೆ ಎಲ್ಲರೂ ಕೂಡಿಯೇ ಮನೆಗೆ ಮರಳಲಿ. ಮೊದಲ ತಿಂಗಳು ಸ್ಪರ್ಧೆ, ಬಹುಮಾನ ಯಾವುದೂ ಬೇಡ.