"ಎಷ್ಟಂದ್ರೂ ಅಪ್ಪ ಅಲ್ಲೇನು" ಅನ್ನೋ ಮಾತು

ಅಕ್ಕಾರ, ವೈನಿಯಾರ, ಇವತ್ತ ಅಡಗಿ ಸುದ್ದಿ ಬ್ಯಾಡ. ಒಂದು ಮಾತಿನ ಜೋಡಿ ಜಗಳ ತಗೀಲಿಕ್ಕೆ ಕೂತೀನಿ. ಗಂಡ-ಹೆಂಡ್ತಿ ವ್ಯಾಜ್ಯ ಕೋರ್ಟಿಗೆ ಹೋತು ಅಂದ್ರ ಸಾಕು, ನಮ್ಮ ಓಣ್ಯಾಗ ಎಲ್ಲಾರ ಬಾಯಾಗೂ ಅದ ಮಾತು: "ಎಷ್ಟಂದ್ರೂ ಅಪ್ಪ ಅಲ್ಲೇನು? ಕೂಸಿನ್ನ ಕಳಿಸಿಕೊಡು."

ಕುಡದ ಬಂದು, ಮಲಗಿದ ಕೂಸಿನ್ನ ಎಬ್ಬಿಸಿ ಹೊಡದಾಂವನೂ ಅಪ್ಪನ ಇರ್ತಾನ. ಅಪ್ಪ ಅನ್ನೋದು ಸಂಬಂಧದ ಹೆಸರು, ಅದನ್ನ ಜಾಮೀನು ಅಂತ ತಿಳೀಬ್ಯಾಡ್ರಿ. ಅವ್ವ ಅನ್ನೋದೂ ಹಂಗ. 2024ರ ಜನವರಿಯಲ್ಲಿ ಗೋವಾದಿಂದ ಬೆಂಗಳೂರಿಗೆ ಬರೋ ಕಾರಿನ್ಯಾಗ, ಚಿತ್ರದುರ್ಗ ಜಿಲ್ಲೆಯಲ್ಲಿ, ಬ್ಯಾಗಿನೊಳಗ ನಾಕು ವರ್ಷದ ಹುಡುಗನ ಹೆಣ ಸಿಕ್ಕಿದ್ದು ನಿಮಗೂ ನೆನಪಿರಬೇಕು. ತಂದಿ-ತಾಯಿ ವಿಚ್ಛೇದನದ ವ್ಯಾಜ್ಯ ನಡದಿತ್ತು. ಪೊಲೀಸರು ಆರೋಪ ಹೊರಿಸಿದ್ದು ತಾಯಿ ಮ್ಯಾಲೆ. ಅದಕ್ಕ ಹೇಳ್ತೀನಿ, ಇದು ಗಂಡಸು-ಹೆಂಗಸಿನ ಜಿದ್ದಿನ ಮಾತಲ್ಲ. ಕೂಸು ಯಾರ ಕೈಯಾಗ ಸುರಕ್ಷಿತ ಅನ್ನೋ ಒಂದ ಪ್ರಶ್ನೆ.

ಕಾಯ್ದೆ ಏನು ಕಣ್ಣ ಮುಚ್ಚಿಲ್ಲ. 1890ರ ಗಾರ್ಡಿಯನ್ಸ್ ಅಂಡ್ ವಾರ್ಡ್ಸ್ ಕಾಯ್ದೆ 17ನೇ ಕಲಮಿನ್ಯಾಗ ಪಾಲಕರ ನಡತಿ, ಯೋಗ್ಯತಾ ನೋಡ್ರಿ, ತಿಳಿವಳಿಕಿ ಬಂದ ಮಗು ಇದ್ರ ಅದರ ಇಚ್ಛಾನೂ ಪರಿಗಣಿಸಬಹುದು ಅಂತದ. 1956ರ ಹಿಂದೂ ಅಲ್ಪವಯಸ್ಕರ ಪಾಲಕತ್ವದ ಕಾಯ್ದೆ 13ನೇ ಕಲಮು ಮಗುವಿನ ಹಿತಾನ ಎಲ್ಲಾಕ್ಕಿಂತ ದೊಡ್ಡದು ಅಂತದ. 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆ 21ನೇ ಕಲಮು ಇನ್ನೂ ಖಡಕ್: ಎದುರಿನವರ ಭೇಟಿಯಿಂದ ಮಗುವಿಗೆ ಹಾನಿ ಆದೀತು ಅಂತ ಮ್ಯಾಜಿಸ್ಟ್ರೇಟರಿಗೆ ಅನಿಸಿದ್ರ ಭೇಟಿ ನಿರಾಕರಿಸಲೇಬೇಕು.

ಆದ್ರ ಮನ್ಯಾಗ ಆದದ್ದು ಜಡ್ಜರಿಗೆ ಕನಸಿನ್ಯಾಗ ಬರಂಗಿಲ್ಲಲ್ಲ! ಹೇಳಬೇಕಾದಾಕಿ ಬಾಯಿ ನಾವ ಮುಚ್ಚಸ್ತೀವಿ. "ಹೊಡತದ ಮಾತು ಅರ್ಜ್ಯಾಗ ಬರೀಬ್ಯಾಡ, ನಾಳೆ ಹುಡುಗಿ ಲಗ್ನಕ್ಕ ಅಡ್ಡಿ ಆಗ್ತದ" ಅಂತ ಹೇಳೋರು ಯಾರು? ಸೋದರತ್ತಿ, ಕಾಕು, ಬಾಜೂ ಮನಿಯಾಕಿ. ಕಾಗದದ ಮ್ಯಾಲೆ ಏನೂ ಇಲ್ಲ ಅಂದ ಮ್ಯಾಲೆ ತಿಂಗಳಿಗೆ ಎರಡು ಶನಿವಾರ ಅಂತ ಆದೇಶ ಆಗ್ತದ. ಕೂಸು ಅಳಕೋತ ಹೋಗ್ತದ.

ಕೋರ್ಟಿಗೂ ನಂದೊಂದು ತಕರಾರದ. ಭೇಟಿಯ ವಾರ, ತಾಸು ಬರಿಯೋಕ್ಕಿಂತ ಮೊದಲ "ಈ ಮನ್ಯಾಗ ಹೊಡತ, ಕುಡತ, ಹೆದರಿಕಿ ಇತ್ತೇನು?" ಅಂತ ಪ್ರತಿ ಕೇಸಿನ್ಯಾಗ ಕೇಳಬೇಕು. 1984ರ ಕುಟುಂಬ ನ್ಯಾಯಾಲಯ ಕಾಯ್ದೆ 12ನೇ ಕಲಮಿನ್ಯಾಗ ವೈದ್ಯರ, ಕಲ್ಯಾಣ ತಜ್ಞರ ನೆರವು ತಗೊಳ್ಳೋ ಅಧಿಕಾರ ಅದ. ಆ ಅಧಿಕಾರ ಪುಸ್ತಕದಾಗ ಕೂತ್ರ ಯಾರಿಗೆ ಉಪಯೋಗ?

"ಸಿಟ್ಟಿಗೆ ಸುಳ್ಳ ಆರೋಪ ಮಾಡೋರೂ ಇರ್ತಾರಲ್ಲ" ಅಂತೀರಿ. ಇರ್ತಾರ, ಇಲ್ಲ ಅನ್ನಂಗಿಲ್ಲ. ಅದಕ್ಕ ತನಿಖೆ ಮಾಡ್ರಿ. ತನಿಖೆ ಮುಗಿಯೋ ತನಕ ಮೂರನೆಯವರ ಎದುರಿಗೆ, ಕಣ್ಣಳತ್ಯಾಗ ಭೇಟಿ ಇಡ್ರಿ. ತಪ್ಪ ಮಾಡದ ಅಪ್ಪಗ ಮಗುವಿನ ಮಾರಿ ನೋಡಲಿಕ್ಕೆ ಸಿಗ್ತದ. ತಪ್ಪ ಮಾಡಿದಾಂವನ ಕೈಗೆ ಮಗು ಒಂಟಿಯಾಗಿ ಸಿಗಂಗಿಲ್ಲ. ಆದ್ರ ಒಂದು ತಾಸು ನೋಡಿದ್ರ ಭೇಟಿ ಅನ್ನೋ ಮಾತು ಕೇಳಿದ್ರೂ ಕೂಸಿಗೆ ಚಳಿಜ್ವರ ಬರ್ತಿದ್ರ, ಅದನ್ನೂ ಬೇಡ ಅನ್ನೋ ಧೈರ್ಯ ಕೋರ್ಟಿಗೆ ಇರಬೇಕು.

ನಮ್ಮ ಕೈಯಾಗೂ ಕೆಲಸ ಅದ. ಮಗುವಿನ ಮೈಮ್ಯಾಲೆ ಗಾಯ ಕಂಡ್ರ ದವಾಖಾನಿಗೆ ಒಯ್ಯಲಿಕ್ಕೆ ಹೇಳ್ರಿ, ಚೀಟಿ ಜೋಪಾನ ಇಡಸ್ರಿ. ಯಾವ ದಿನ ಏನಾತು ಅನ್ನೋದನ್ನ ತಾರೀಖು ಹಾಕಿ ಬರಿಸ್ರಿ. ಚೀರಾಟ ಕೇಳಿದ್ದು ನೀವ ಇದ್ರ, ಸಾಕ್ಷಿ ಹೇಳಲಿಕ್ಕೂ ನೀವ ಹೋಗ್ರಿ. ಮಕ್ಕಳ ಸಹಾಯವಾಣಿ 1098 ಫ್ರಿಜ್ಜಿನ ಮ್ಯಾಲೆ ಬರದು ಅಂಟಸ್ರಿ. ಲೈಂಗಿಕ ಕಿರುಕುಳದ ಸುಳುವು ಸಿಕ್ರಂತೂ 2012ರ ಪೋಕ್ಸೋ ಕಾಯ್ದೆ ಪ್ರಕಾರ ತಿಳಿದೋರು ಪೊಲೀಸರಿಗೆ ತಿಳಿಸಲೇಬೇಕು. ಸುಮ್ಮನ ಕೂಡೋದು ಅಪರಾಧ.

ಮನಿತನದ ಮರ್ಯಾದಿ ಅಂತೀರಲ್ಲ, ಅದು ನಾಕು ದಿನದಾಗ ತಿರುಗಿ ಬರ್ತದ. ಒಂದು ಶನಿವಾರ ಹೋದ ಕೂಸು ತಿರುಗಿ ಬರದಿದ್ರ? ಆ ಮಾತು ಬಾಯಿಗೆ ಬಂದಾಗ ಇದನ್ನ ನೆನಸಿ ನುಂಗಿಬಿಡ್ರಿ.